ನಿಲ್ಲದ ಸ್ವಿಚ್ಚು

ಹೊರಡುವ ಮುಂಚೆ ಮೇಸ್ತ್ರಿ ಮೇನ್ ಸ್ವಿಚ್ ಆಫ್ ಮಾಡಿ, ಅದರೊಳಗಿನ ಎರಡೂ ಫ್ಯೂಸ್ ಕ್ಯಾರಿಯರ್‌ಗಳನ್ನು ಕಿತ್ತು ನನ್ನ ಪ್ಯಾಂಟಿನ ಜೇಬಿಗೆ ತುರುಕಿದರು. "ಇದು ನಿನ್ ಜೇಬಲ್ಲಿರೋ ತನಕ ಯಾರೂ ನಿನಗೆ ಕರೆಂಟ್ ಹೊಡಿಸಕ್ಕಾಗಲ್ಲ" ಅಂದರು. ತೊಡೆಗೆ ತಣ್ಣಗೆ ತಾಗುತ್ತಿದ್ದ ಆ ಪಿಂಗಾಣಿ ತುಂಡುಗಳನ್ನು ನಾನು ಪದೇ ಪದೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಮನೆಯ ಬೀಗದ ಕೈಗೊಂಚಲನ್ನು ಮೊದಲ ಸಲ ಸೊಂಟಕ್ಕೆ ಸಿಕ್ಕಿಸಿಕೊಂಡ ಹೊಸ ಸೊಸೆಯ ಹಾಗೆ.

2008ರ ಶ್ರಾವಣ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಮೈಸೂರಿನ ಚಾಮರಾಜಪುರಂನಲ್ಲಿ ಒಂದು ಹಳೆಯ ಹೆಂಚಿನ ಮನೆ. ಐಟಿಐಯಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ, ಮೇಸ್ತ್ರಿಯ ಹಿಂದೆ ಟೂಲ್ ಬ್ಯಾಗ್ ಹೊತ್ತು ತಿರುಗಲು ಶುರುಮಾಡಿ ನನಗೆ ಎಂಟು ತಿಂಗಳಾಗಿತ್ತು. ಗೋಡೆ ಕೊರೆಯುವುದು, ಪೈಪಿನೊಳಗೆ ವೈರ್ ಎಳೆಯುವುದು, ಮೇಸ್ತ್ರಿ ಫ್ಯಾನ್ ತೂಗುಹಾಕುವಾಗ ಕೆಳಗಿನಿಂದ ಎತ್ತಿ ಹಿಡಿಯುವುದು, ಇಷ್ಟೇ ನನ್ನ ಪಾಲಿನ ಕೆಲಸ. ಅವತ್ತು ಒಂದು ಕಲ್ಯಾಣ ಮಂಟಪದಿಂದ ಮೇಸ್ತ್ರಿಗೆ ಫೋನ್ ಮೇಲೆ ಫೋನ್ ಬಂತು. ರಾತ್ರಿ ಆರತಕ್ಷತೆ, ಅರ್ಧ ಮಂಟಪಕ್ಕೆ ಕರೆಂಟಿಲ್ಲ. ಹೀಗಾಗಿ ಈ ಮನೆಯ ಫ್ಯೂಸ್ ಬೋರ್ಡ್ ಬದಲಾಯಿಸುವ ಕೆಲಸ ಪೂರ್ತಿ ನನ್ನ ಕೈಗೆ ಬಂತು.

ಆ ಬೋರ್ಡನ್ನು ಈಗಿನ ಹುಡುಗರು ನೋಡಿರಲಿಕ್ಕಿಲ್ಲ. ನಡುಮನೆಯ ಬಾಗಿಲ ಪಕ್ಕ, ತಲೆಗಿಂತ ಒಂದು ಗೇಣು ಮೇಲೆ, ತೇಗದ ಹಲಗೆ. ಅದರ ಮೇಲೆ ಎರಡು ಸಾಲಿನಲ್ಲಿ ಹನ್ನೆರಡು ಪಿಂಗಾಣಿ ಕಟೌಟ್‌ಗಳು. ಆರು ಸರ್ಕ್ಯೂಟು, ಪ್ರತಿಯೊಂದಕ್ಕೂ ಫೇಸಿಗೊಂದು, ನ್ಯೂಟ್ರಲ್‌ಗೊಂದು ಫ್ಯೂಸು. ನ್ಯೂಟ್ರಲ್‌ಗೂ ಫ್ಯೂಸ್ ಹಾಕುವುದು ಆಗಿನ ಪದ್ಧತಿ. ಹಾಗೆ ಹಾಕಬಾರದು ಎಂದು ನಮಗೆ ಐಟಿಐಯಲ್ಲಿ ಮೊದಲ ವರ್ಷವೇ ಕಲಿಸಿದ್ದರು. ನ್ಯೂಟ್ರಲ್ ಫ್ಯೂಸ್ ಹೋದರೆ ದೀಪವೇನೋ ಆರುತ್ತದೆ, ಆದರೆ ಹೋಲ್ಡರಿನ ತನಕ 230 ವೋಲ್ಟ್ ಬಂದು ಕಾದು ನಿಂತಿರುತ್ತದೆ. ಕರೆಂಟ್ ಹೋಗಿದೆ ಅಂದುಕೊಂಡು ಬಲ್ಬ್ ಬಿಚ್ಚಲು ಕೈ ಹಾಕಿದವನಿಗೆ ಮಾತ್ರ ಅದು ಗೊತ್ತಾಗುತ್ತದೆ.

ಮನೆಯೊಡತಿ ನಿವೃತ್ತ ಗಣಿತದ ಟೀಚರು, ಎಪ್ಪತ್ತರ ಹತ್ತಿರದವರು, ಒಬ್ಬರೇ ಇದ್ದರು. ನಾವು ಟೀಚರಮ್ಮ ಅನ್ನುತ್ತಿದ್ದೆವು. ಫ್ಯೂಸ್ ಕಟ್ಟುವುದು ತೀರಿಹೋದ ಅವರ ಯಜಮಾನರ ಕೆಲಸವಾಗಿತ್ತಂತೆ. ಅಂಗಡಿಯ ಫ್ಯೂಸ್ ವೈರ್ ತಂದವರೇ ಅಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಯ ವೈರ್ ಸೀಳಿ ಅದರ ಎಳೆ ತೆಗೆದು, ದೀಪಕ್ಕೆ ಒಂದೆಳೆ, ಬಾಯ್ಲರಿಗೆ ನಾಲ್ಕೆಳೆ ಎಂದು ಲೆಕ್ಕ ಇಟ್ಟುಕೊಂಡಿದ್ದರಂತೆ. ಲೆಕ್ಕ ತೀರಾ ಕೆಟ್ಟದ್ದೇನಲ್ಲ. 0.2 ಮಿಲಿಮೀಟರ್ ದಪ್ಪದ ಒಂದು ತಾಮ್ರದ ಎಳೆ ಹೆಚ್ಚುಕಡಿಮೆ 7 ಆಂಪ್‌ನಲ್ಲಿ ಕರಗುತ್ತದೆ. ಆದರೆ ಅವರು ಹೋದ ಮೇಲೆ ಕೈ ಹಾಕಿದವರು ಯಾರೋ ಲೆಕ್ಕ ಬಿಟ್ಟಿದ್ದರು. ಬಚ್ಚಲ ಕಟೌಟ್ ಎಳೆದು ನೋಡಿದರೆ ಎಳೆಗಳೇ ಇಲ್ಲ, ಹೊಸೆದ ಬತ್ತಿಯಂಥ ಇಡೀ ವೈರು. ಅದು ಕರಗುವ ಹೊತ್ತಿಗೆ ಮನೆ ಸುಟ್ಟಿರುತ್ತಿತ್ತು.

ಮನೆಯ ವೈರಿಂಗೂ ಅಷ್ಟೇ ಹಳೆಯದು. ಮರದ ಕೇಸಿಂಗ್ ಪಟ್ಟಿಯೊಳಗೆ ರಬ್ಬರ್ ಹೊದಿಕೆಯ ವೈರು, ಅದರ ಮೇಲೆ ಡಾಂಬರು ಮೆತ್ತಿದ ನೂಲಿನ ಹೆಣಿಗೆ. ಒಳಗಿನ ತಾಮ್ರಕ್ಕೆ ತವರದ ಲೇಪ, ಯಾಕೆಂದರೆ ರಬ್ಬರಿನ ಗಂಧಕ ಬರಿಯ ತಾಮ್ರವನ್ನು ತಿಂದುಹಾಕುತ್ತದೆ. ಐವತ್ತು ವರ್ಷ ದಾಟಿದ ರಬ್ಬರು ಹಪ್ಪಳದ ಹಾಗಾಗಿತ್ತು, ಬಗ್ಗಿಸಿದರೆ ಪುಡಿಪುಡಿ. ಪೂರ್ತಿ ವೈರಿಂಗ್ ಬದಲಾಯಿಸಲು ಟೀಚರಮ್ಮನ ಪಿಂಚಣಿಯಲ್ಲಿ ಜಾಗವಿರಲಿಲ್ಲ. ಬೋರ್ಡ್ ಮಾತ್ರ ಬದಲಾಯಿಸಿಕೊಡಿ ಅಂದಿದ್ದರು. "ಹಳೇ ನರಕ್ಕೆ ಹೊಸ ಹೃದಯ ಕಟ್ದಂಗೆ" ಎಂದು ಮೇಸ್ತ್ರಿ ಗೊಣಗಿದರೂ ಒಪ್ಪಿಕೊಂಡಿದ್ದರು. ಫ್ಯೂಸುಗಳ ಜಾಗಕ್ಕೆ ಆರು ಎಂಸಿಬಿ, ಅವುಗಳ ಮುಂದೆ 40 ಆಂಪ್‌ನ, 30 ಮಿಲಿ ಆಂಪ್‌ಗೆ ಬೀಳುವ ಒಂದು ಆರ್‌ಸಿಸಿಬಿ. ನಮ್ಮವರ ಬಾಯಲ್ಲಿ ಅದು ಇವತ್ತಿಗೂ ಇಎಲ್‌ಸಿಬಿ. ಅರ್ತಿಂಗ್ ಗುಂಡಿಯನ್ನು ಹಬ್ಬ ಕಳೆದ ಮೇಲೆ ತೋಡಿಸೋಣ, ಅಲ್ಲೀ ತನಕ ಇಎಲ್‌ಸಿಬಿಯೇ ದಿಕ್ಕು ಎಂದು ತೀರ್ಮಾನವಾಗಿತ್ತು.

ಇಎಲ್‌ಸಿಬಿ ಮಾಡುವ ಕೆಲಸ ನನಗೆ ಗೊತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದೆ. ನಂಜನಗೂಡಿನ ಕಡೆಯ ನಮ್ಮೂರಲ್ಲಿ ಅಪ್ಪ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ದನ ಎಣಿಸುತ್ತಿದ್ದರಲ್ಲ, ಅದೇ ಕೆಲಸ. ಬೆಳಿಗ್ಗೆ ಎಷ್ಟು ಹೊರಗೆ ಹೋದವೋ ಅಷ್ಟು ವಾಪಸ್ ಬರಬೇಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ತಿರುಗಿ ಬರಬೇಕು. ಎರಡೂ ಒಂದು ಕಬ್ಬಿಣದ ಉಂಗುರದೊಳಗಿಂದ ಹಾದುಹೋಗುತ್ತವೆ. ಲೆಕ್ಕ ಸರಿಯಿದ್ದರೆ ಒಂದರ ಕಾಂತತೆ ಇನ್ನೊಂದನ್ನು ಅಳಿಸುತ್ತದೆ. 30 ಮಿಲಿ ಆಂಪ್‌ನಷ್ಟು ದಾರಿ ತಪ್ಪಿ ಗೋಡೆಗೋ ನೆಲಕ್ಕೋ ಯಾರದೋ ಮೈಗೋ ಹೋದರೆ ಉಂಗುರ ಎಚ್ಚೆತ್ತು ಬಾಗಿಲು ಹಾಕಿಬಿಡುತ್ತದೆ. ಎಂಸಿಬಿಗೆ ಈ ಲೆಕ್ಕ ಬೇಕಿಲ್ಲ. 16 ಆಂಪ್‌ನ ಎಂಸಿಬಿಗೆ 30 ಮಿಲಿ ಆಂಪ್ ಅಂದರೆ ಅದರ ಐನೂರರಲ್ಲಿ ಒಂದು ಪಾಲೂ ಅಲ್ಲ. ವೈರು ಸುಡದ ಹಾಗೆ ಅದು ನೋಡಿಕೊಳ್ಳುತ್ತದೆ, ಮನುಷ್ಯನನ್ನು ಮೂಸಿಯೂ ನೋಡುವುದಿಲ್ಲ.

ಇಷ್ಟೆಲ್ಲ ತಿಳಿದಿದ್ದವನು ನಾನು.

ನಾನು ಏಣಿ ಇಡುತ್ತಿದ್ದಾಗ ಟೀಚರಮ್ಮ ಲೋಟದಲ್ಲಿ ಕಾಫಿ ತಂದರು. "ನಮ್ಮನೆ ಬಚ್ಚಲ ನಲ್ಲಿ ಮಳೆಗಾಲದಲ್ಲಿ ಒಂದೊಂದ್ಸಲ ಜುಮ್ ಅನ್ನತ್ತಪ್ಪ. ಅದಕ್ಕೇ ನಾನು ಬಾಯ್ಲರ್ ಆರಿಸಿಬಿಟ್ಟೇ ನೀರು ಬಿಟ್ಕೊಳ್ಳೋದು. ಮಗಳು ಮಕ್ಕಳು ಬಂದಾಗಂತೂ ನನಗೆ ಭಯ" ಅಂದರು. ನಾನು ಕಟೌಟ್‌ಗಳನ್ನು ಎಣಿಸುತ್ತಿದ್ದೆ. "ಹೊಸ ಬಾಕ್ಸ್ ಬರ್ತಿದೆಯಲ್ಲ ಟೀಚರ್, ಎಲ್ಲಾ ಸರಿಹೋಗತ್ತೆ" ಅಂದೆ. ಕಾಫಿ ಚೆನ್ನಾಗಿತ್ತು. ಅವರು ಹೇಳಿದ್ದು ಲೋಟ ಕೆಳಗಿಡುವ ಹೊತ್ತಿಗೆ ಮರೆತುಹೋಯಿತು.

ಮೇಸ್ತ್ರಿ ಹೇಳಿಹೋಗಿದ್ದು ಒಂದೇ ಮಾತು: "ಒಂದು ಜೋಡಿ ಬಿಚ್ಚು, ಟ್ಯಾಗ್ ಕಟ್ಟು, ಚೀಟೀಲಿ ಬರ್ಕೋ. ಆಮೇಲೆ ಮುಂದಿನ ಜೋಡಿ." ಎರಡು ಜೋಡಿಯ ತನಕ ಹಾಗೇ ಮಾಡಿದೆ. ಮೂರನೆಯದರ ಸ್ಕ್ರೂ ತುಕ್ಕು ಹಿಡಿದು ತಿರುಗಲೇ ಇಲ್ಲ. ಬೆವರು, ಧೂಳು, ಹಲಗೆಯ ಹಿಂದಿನಿಂದ ಉದುರುವ ಜಿರಳೆ ಹಿಕ್ಕೆ. ಕೆಂಪು ಅಂದರೆ ಫೇಸು, ಕಪ್ಪು ಅಂದರೆ ನ್ಯೂಟ್ರಲ್, ಇದರಲ್ಲಿ ಬರೆದುಕೊಳ್ಳುವುದೇನಿದೆ ಅನ್ನಿಸಿತು. ಕಟಿಂಗ್ ಪ್ಲೇಯರ್ ತೆಗೆದು ಉಳಿದ ಎಂಟೂ ವೈರನ್ನು ಕಟೌಟಿನ ಬುಡದಲ್ಲೇ ಕತ್ತರಿಸಿ, ಹಲಗೆಯನ್ನು ಗೋಡೆಯಿಂದ ಕಿತ್ತು ಅಂಗಳಕ್ಕೆ ಒಯ್ದು ಇಟ್ಟೆ. ವಾಪಸ್ ಬಂದು ನೋಡುತ್ತೇನೆ, ಕೆಂಪೂ ಇಲ್ಲ, ಕಪ್ಪೂ ಇಲ್ಲ. ಹಲಗೆಯ ಹಿಂದೆ ಬೆಳಕು ಕಾಣದ ತುದಿಗಳೆಲ್ಲ ಡಾಂಬರು ಬಣ್ಣಕ್ಕೆ ತಿರುಗಿದ್ದವು. ಎಂಟು ಕರಿ ಹಾವುಗಳು ಗೋಡೆಯಿಂದ ತಲೆ ಹೊರಗೆ ಹಾಕಿದ್ದವು. ಎಣಿಸಿದರೆ ಎಂಟಲ್ಲ, ಒಂಬತ್ತು. ಆ ಒಂಬತ್ತನೆಯದು ಎಲ್ಲಿಗೆ ಹೋಗುತ್ತಿತ್ತೋ ಇಂದಿಗೂ ನನಗೆ ಗೊತ್ತಿಲ್ಲ. ಅದರ ತುದಿಗೆ ಟೇಪ್ ಸುತ್ತಿ ಒಳಗೆ ತಳ್ಳಿದೆ.

ಆಮೇಲಿನ ನಾಲ್ಕು ಗಂಟೆ ಕಾಲ ನಾನು ಮಾಡಿದ್ದು, ಟ್ಯಾಗ್ ಕಟ್ಟಿದ್ದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ. ಒಂದೊಂದು ಕೋಣೆಗೂ ಹೋಗಿ ಬಲ್ಬ್ ಹಾಕಿ, ಸ್ವಿಚ್ ಒತ್ತಿ, ವಾಪಸ್ ಬಂದು ಮೀಟರಿನ ಎರಡು ಕಡ್ಡಿ ಹಿಡಿದು ಯಾವ ಜೋಡಿಯಲ್ಲಿ ಓಮ್ ತೋರಿಸುತ್ತದೆ ಎಂದು ಹುಡುಕುವುದು. ಜೋಡಿ ಸಿಕ್ಕ ಮೇಲೆ ಅದರಲ್ಲಿ ಸ್ವಿಚ್ಚಿಗೆ ಹೋಗುವುದು ಯಾವುದೆಂದು ಮನೆ ಉದ್ದಕ್ಕೂ ಒಂದು ವೈರ್ ಎಳೆದುಕೊಂಡು ನೋಡುವುದು. ಸ್ವಿಚ್ ಫೇಸಿನಲ್ಲೇ ಇರಬೇಕಲ್ಲ, ಅದಕ್ಕೆ. ಟೀಚರಮ್ಮ ಎರಡು ಸಲ ಬಂದು ನೋಡಿ ಏನೂ ಕೇಳದೆ ಹೋದರು. ಮೂರನೆಯ ಸಲ ಕಳಶಕ್ಕೆ ಮಾವಿನ ಸೊಪ್ಪು ಹಿಡಿದುಕೊಂಡು ಬಂದವರು, "ದೀಪ ಹಚ್ಚೋ ಹೊತ್ತಿಗೆ ಬರತ್ತಾಪ್ಪ ಕರೆಂಟು?" ಅಂದರು. ಬೆಂಗಳೂರಿನಿಂದ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ರಾತ್ರಿ ರೈಲಿಗೆ ಬರುವವರಿದ್ದರು. "ಬರತ್ತೆ ಟೀಚರ್" ಅಂದೆ. ಬೆಳಿಗ್ಗೆಯಿಂದ ಆ ಮನೆಯಲ್ಲಿ ಬರಿಯ ಆಶ್ವಾಸನೆ ಕೊಡುತ್ತಲೇ ಇದ್ದೆ.

ಸಂಜೆ ಆರು ದಾಟಿತ್ತು, ಜೇಬಿನ ಕ್ಯಾರಿಯರ್‌ಗಳನ್ನು ತೆಗೆದು ಮೇನ್ ಸ್ವಿಚ್ಚಿಗೆ ಹಾಕಿ ಹ್ಯಾಂಡಲ್ ಎತ್ತಿದಾಗ. ಹೊಸ ಬಾಕ್ಸಿನ, ಅಂದರೆ ಡಿಬಿಯ, ಮುಂದೆ ಬಂದು ಇಎಲ್‌ಸಿಬಿ ಮೇಲೆತ್ತಿದೆ. ನಿಂತಿತು. ಒಂದೊಂದಾಗಿ ಎಂಸಿಬಿ ಎತ್ತಿದೆ. ನಡುಮನೆ, ದೇವರ ಮನೆ, ಕೋಣೆಗಳು, ಅಡುಗೆಮನೆ, ಹಿತ್ತಿಲು, ಐದೂ ನಿಂತವು. ಆರನೆಯದು ಬಚ್ಚಲ ಬಾಯ್ಲರಿನದು. ಎತ್ತುತ್ತಲೇ ಟಪ್ ಎಂದು ಇಎಲ್‌ಸಿಬಿ ಬಿತ್ತು. ಮನೆ ಮತ್ತೆ ಕತ್ತಲು.

ಮತ್ತೆ ಎತ್ತಿದೆ, ಮತ್ತೆ ಬಿತ್ತು. ಐದು ಸಲವೋ ಆರು ಸಲವೋ. ಪ್ರತಿ ಟಪ್ಪಿಗೂ ನನ್ನ ಕಿವಿ ಬಿಸಿಯಾಗುತ್ತಿತ್ತು. ಆ ಸದ್ದನ್ನು ನಾನು ಬೈಗುಳದ ಹಾಗೆ ಕೇಳಿಸಿಕೊಂಡೆ. ನಿನ್ನ ಕೈಲಾಗದು, ನಿನ್ನ ಕೈಲಾಗದು ಅನ್ನುತ್ತಿದೆ ಅಂತಲೇ ಅನ್ನಿಸಿತು. ನಿಜವಾಗಿ ಅದು ಬೆಳಿಗ್ಗೆ ಟೀಚರಮ್ಮ ಹೇಳಿದ್ದನ್ನೇ ಹೇಳುತ್ತಿತ್ತು, ಅವರಿಗಿಂತ ಸ್ಪಷ್ಟವಾಗಿ: ಬಚ್ಚಲಲ್ಲಿ ದನ ತಪ್ಪಿಸಿಕೊಳ್ಳುತ್ತಿವೆ. ಬಾಯ್ಲರಿನ ಪ್ಲಗ್ ಕಿತ್ತು ಇನ್ನೊಂದು ಸಲ ಎತ್ತಿದ್ದರೆ ಸಾಕಿತ್ತು, ಒಂದು ನಿಮಿಷದಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಬಚ್ಚಲು ಹದಿನೈದು ಹೆಜ್ಜೆ ದೂರ. ಹೋಗಲಿಲ್ಲ. ಹಳೇ ವೈರು, ಮಳೆಗಾಲದ ಥಂಡಿ, ಎಲ್ಲೋ ಒಂದಿಷ್ಟು ಲೀಕೇಜ್ ಇರತ್ತೆ, ಈ ಇಎಲ್‌ಸಿಬಿಗಳು ಸುಮ್ಮನೆ ತಂಟೆ ಮಾಡುತ್ತವೆ ಎಂದು ಹಿರಿಯ ಎಲೆಕ್ಟ್ರಿಷಿಯನ್‌ಗಳು ಚಹಾ ಅಂಗಡಿಯಲ್ಲಿ ಹೇಳುತ್ತಿದ್ದ ಮಾತು ನೆನಪಿಗೆ ಬಂತು. ಆಗ ಬೇಕಾದದ್ದೂ ಅಂಥದೇ ಮಾತು.

ಮಾಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಎಂಸಿಬಿಗಳಿಗೆ ಕರೆಂಟ್ ಹಂಚುವ ಬಸ್‌ಬಾರಿನ ಕೊನೆಯ ಹಲ್ಲನ್ನು ಕತ್ತರಿಸಿದೆ. ಇಎಲ್‌ಸಿಬಿಗೆ ಕರೆಂಟ್ ಒಳಬರುವ ಕಡೆಯಿಂದಲೇ ಒಂದು ವೈರ್ ತೆಗೆದು ಬಚ್ಚಲ ಎಂಸಿಬಿಗೆ ಕೊಟ್ಟೆ. ಬಚ್ಚಲ ನ್ಯೂಟ್ರಲನ್ನೂ ಹಾಗೇ ಒಳಬರುವ ಕಡೆಗೇ ಸೇರಿಸಿದೆ. ಅಂದರೆ ಐದು ಸರ್ಕ್ಯೂಟಿನ ದನಗಳು ಬಾಗಿಲಿನಿಂದ ಓಡಾಡುತ್ತವೆ, ಬಚ್ಚಲ ದನಗಳಿಗೆ ಬೇಲಿಯಲ್ಲೇ ಒಂದು ಕಂಡಿ. ಎಣಿಸುವವನಿಗೆ ಅವು ಇವೆಯೆಂಬುದೇ ಗೊತ್ತಾಗದು. ಆಮೇಲೆ ವೈರುಗಳನ್ನು ಸಾಲಾಗಿ ಬಾಗಿಸಿ, ಎರಡೆರಡು ಇಂಚಿಗೆ ಬಿಳಿ ಟೈ ಬಿಗಿದು, ಕಳ್ಳವೈರು ಆ ಕಂತೆಯ ಹಿಂದೆ ಕಾಣದಂತೆ ಕೂರಿಸಿದೆ. ಅವತ್ತಿನ ತನಕ ನಾನು ಮಾಡಿದ ಕೆಲಸದಲ್ಲೆಲ್ಲ ಅಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ.

ಎಲ್ಲವೂ ನಿಂತವು. ಟೀಚರಮ್ಮ ದೇವರ ಮನೆಯ ದೀಪ ಹಾಕಿ ಕೈ ಮುಗಿದು, ನನಗೆ ಸಜ್ಜಿಗೆ ಕೊಟ್ಟರು. ಮೊಮ್ಮಕ್ಕಳು ಬರುತ್ತಲೇ ಸ್ನಾನ ಮಾಡಲಿ ಎಂದು ಬಾಯ್ಲರ್ ಹಾಕಿದರು.

ಮೇಸ್ತ್ರಿ ಬಂದದ್ದು ಎಂಟಕ್ಕೆ. ಡಿಬಿಯ ಬಾಗಿಲು ತೆರೆದು ಒಂದು ಕ್ಷಣ ನೋಡಿದರು. "ಡ್ರೆಸ್ಸಿಂಗ್ ಚೆನ್ನಾಗ್ ಮಾಡಿದೀಯಲ್ಲೋ" ಅಂದರು. ಅವರ ಬಾಯಿಂದ ಅಂಥ ಮಾತು ಅದೇ ಮೊದಲು. "ಇಎಲ್‌ಸಿಬಿ ನಿಲ್ತಿದೆಯಾ?" "ನಿಲ್ತಿದೆ ಅಣ್ಣ." ಅವರು ಟೆಸ್ಟ್ ಬಟನ್ ಒತ್ತಿದರು. ಟಪ್ ಎಂದು ಬಿತ್ತು, ಮನೆಯೆಲ್ಲ ಕತ್ತಲಾಯಿತು. ಆ ಕತ್ತಲಲ್ಲಿ, ಹಿಂದೆ ಬಚ್ಚಲ ಅರೆಬಾಗಿಲ ಸಂದಿಯಲ್ಲಿ, ಬಾಯ್ಲರಿನ ಕೆಂಪು ದೀಪವೊಂದೇ ಉರಿಯುತ್ತಿತ್ತು.

ಮೇಸ್ತ್ರಿಯ ಮುಖ ಡಿಬಿಯ ಕಡೆಗಿತ್ತು. ನಾನು ಹಿಂದಕ್ಕೆ ಸರಿಯುತ್ತ ಹೋಗಿ ಬಚ್ಚಲ ಬಾಗಿಲನ್ನು ಬೆನ್ನ ಹಿಂದೆ ಮೆಲ್ಲಗೆ ಎಳೆದುಕೊಂಡೆ. ಅವರು ಇಎಲ್‌ಸಿಬಿ ಮೇಲೆತ್ತಿದರು. ದೀಪ ಬಂತು. "ಸರಿ, ನಡಿ" ಅಂದರು.

ಟೆಸ್ಟ್ ಬಟನ್ ಇಎಲ್‌ಸಿಬಿ ಬದುಕಿದೆಯೇ ಎಂದು ಹೇಳುತ್ತದೆ, ಅಷ್ಟೇ. ಯಾವ ವೈರು ಅದರೊಳಗಿಂದ ಬಂದಿದೆ, ಯಾವುದು ಪಕ್ಕದಿಂದ ನುಸುಳಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲಿನ ವರ್ಷಗಳಲ್ಲಿ ನಾನು ಬಾಗಿಲು ತೆರೆದು ನೋಡಿದ ಡಿಬಿಗಳಲ್ಲಿ ಇಎಲ್‌ಸಿಬಿ ಬರಿಯ ಅಲಂಕಾರಕ್ಕೆ ಕೂತಿದ್ದನ್ನು ಎಷ್ಟು ಸಲ ಕಂಡಿದ್ದೇನೋ. ಮನೆಯವರು ತಿಂಗಳಿಗೊಮ್ಮೆ ಶ್ರದ್ಧೆಯಿಂದ ಬಟನ್ ಒತ್ತುತ್ತಾರೆ, ಅದು ಬೀಳುತ್ತದೆ, ಅವರಿಗೆ ಸಮಾಧಾನ. ಯಾರೋ ಒಬ್ಬ ಹುಡುಗ ಯಾವುದೋ ಒಂದು ಸಂಜೆ ಮನೆಗೆ ಹೋಗುವ ಅವಸರದಲ್ಲಿದ್ದ ಎಂಬುದು ಮಾತ್ರ ಆ ಬಟನ್ನಿಗೆ ಗೊತ್ತಿಲ್ಲ.

ಹಬ್ಬ ಶುಕ್ರವಾರ ಕಳೆಯಿತು. ಶನಿವಾರ, ಭಾನುವಾರ ಬೇರೆ ಕಡೆ ಕೆಲಸ. ಸೋಮವಾರ ಬೆಳಿಗ್ಗೆ ಒಂದು ಮನೆಯ ಸಜ್ಜಾದ ಮೇಲೆ ಕೂತು ವೈರ್ ಎಳೆಯುತ್ತಿದ್ದೆ. ಕೆಳಗೆ ಮೇಸ್ತ್ರಿ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು. "ಯಾವಾಗ? ... ಈಗ ಹೆಂಗವ್ರೆ? ... ಮೇನ್ ಆಫ್ ಮಾಡಿದೀರಾ ತಾನೇ?" ಹೆಸರು ಕೇಳುವ ಮುಂಚೆಯೇ ನನ್ನ ಕೈಯ ವೈರು ಜಾರಿತ್ತು.

ಮಗಳ ಸಂಸಾರ ಭಾನುವಾರ ರಾತ್ರಿ ಊರಿಗೆ ಹೊರಟುಹೋಗಿತ್ತು. ಸೋಮವಾರ ಟೀಚರಮ್ಮ ಒಬ್ಬರೇ. ಹಾಸಿಗೆ ಬಟ್ಟೆ ನೆನೆಹಾಕಲು ಬಾಯ್ಲರ್ ಹಾಕಿ, ಅದು ಉರಿಯುತ್ತಿರುವಾಗಲೇ ಬಕೀಟಿಗೆ ನೀರು ಬಿಡಲು ನಲ್ಲಿಗೆ ಕೈ ಹಾಕಿದ್ದಾರೆ. ಬರಿಗಾಲು, ಒದ್ದೆ ನೆಲ. ಕೈ ಒದ್ದಂತಾಗಿ ಹಿಂದಕ್ಕೆ ಬಿದ್ದಿದ್ದಾರೆ. ಬೀಳುವಾಗ ಊರಿದ ಬಲಗೈಯ ಮಣಿಕಟ್ಟಿನ ಮೂಳೆ ಮುರಿದಿತ್ತು. ಕೈ ನಲ್ಲಿಗೆ ಕಚ್ಚಿಕೊಂಡಿದ್ದರೆ ಏನಾಗುತ್ತಿತ್ತೆಂದು ಈ ಕಸುಬಿನವರಿಗೆ ಹೇಳಬೇಕಾದ್ದಿಲ್ಲ. ಹತ್ತು ಮಿಲಿ ಆಂಪ್ ದಾಟಿತೆಂದರೆ ಹಿಡಿದ ಬೆರಳು ಹಿಡಿದವನ ಮಾತು ಕೇಳುವುದಿಲ್ಲ.

ಬಾಯ್ಲರ್ ಆರಿಸಿಯೇ ನೀರು ಬಿಡುವ ಅವರ ಅಭ್ಯಾಸವಿತ್ತಲ್ಲ, ಹಬ್ಬದ ಮೂರು ದಿನ ಆ ಮನೆಯನ್ನು ಕಾಯ್ದದ್ದು ಅದು. ಮಕ್ಕಳಿಗೂ ಹಾಗೇ ಹೇಳಿಕೊಟ್ಟಿದ್ದರಂತೆ. ಮಕ್ಕಳು ಎಷ್ಟು ಚಿಕ್ಕವರು ಎಂದು ನಾನು ಯಾರನ್ನೂ ಕೇಳಲಿಲ್ಲ. ದೇವರ ಮನೆಯ ಗೋಡೆಯಲ್ಲಿ ಫೋಟೋ ಇತ್ತು.

ಆ ಮನೆಗೆ ಹೋದಾಗ ಮೇಸ್ತ್ರಿ ಡಿಬಿಯ ಬಾಗಿಲು ತೆರೆದು ಏನೂ ಮಾತಾಡದೆ ಕಟರ್ ತೆಗೆದುಕೊಂಡು ನನ್ನ ಬಿಳಿ ಟೈಗಳನ್ನು ಒಂದೊಂದಾಗಿ ಕತ್ತರಿಸಿದರು. ಕಂತೆ ಬಿಚ್ಚಿಕೊಂಡಿತು. ಕತ್ತರಿಸಿದ ಬಸ್‌ಬಾರ್ ಹಲ್ಲಿನ ಮೇಲೆ ಬೆರಳಾಡಿಸಿದರು. "ಏನೋ ಇದು?"

"ಮರೆತುಹೋಯ್ತು ಅಣ್ಣ."

"ಮರೆತಿದ್ದು ಇಷ್ಟು ನೀಟಾಗಿ ಟೈ ಕಟ್ಕೊಂಡು ಕೂತಿರತ್ತಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನೇಕ ಸಲ ಅನ್ನಿಸಿದೆ. "ಒಳಗೆ ಹೋಗಿ ಅವರಿಗೆ ನೀನೇ ಹೇಳು" ಅಂದರು.

ಟೀಚರಮ್ಮ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು, ಪ್ಲಾಸ್ಟರ್ ಹಾಕಿದ ಕೈ ಕುತ್ತಿಗೆಯಿಂದ ಜೋತುಬಿದ್ದಿತ್ತು. ನಿಂತೇ ಹೇಳಿದೆ. ಸ್ವಿಚ್ ನಿಲ್ಲುತ್ತಿರಲಿಲ್ಲ, ನಾನು ಅದನ್ನು ತಪ್ಪಿಸಿ ಲೈನ್ ಕೊಟ್ಟೆ, ಮೇಸ್ತ್ರಿಗೆ ಸುಳ್ಳು ಹೇಳಿದೆ. ಅವರಿಗೆ ವೈರಿನ ಮಾತು ಎಷ್ಟು ಅರ್ಥವಾಯಿತೋ. ಆದರೆ ಮೂವತ್ತು ವರ್ಷ ಮಕ್ಕಳು ಕಾಪಿ ಹೊಡೆಯುವುದನ್ನು ಹಿಡಿದ ಕಣ್ಣು ಅದು.

"ಬಚ್ಚಲ ಲೈನೇ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಟೀಚರ್."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವತ್ತು ಕಾಫಿ ಕೊಡುವಾಗ ಹೇಳಿದ್ದೆನಲ್ಲಪ್ಪ, ನಲ್ಲಿ ಜುಮ್ ಅನ್ನತ್ತೆ ಅಂತ" ಅಂದರು. ಬೈದ ಹಾಗಿರಲಿಲ್ಲ. ತಾವು ಸರಿಯಾಗಿ ಹೇಳಿದ್ದೆವೋ ಇಲ್ಲವೋ ಎಂದು ಅವರಿಗೇ ಅನುಮಾನ ಬಂದ ಹಾಗಿತ್ತು. ಆ ಬೋರ್ಡ್ ಬದಲಾಯಿಸಲು ಅವರು ಹಣ ಕೂಡಿಟ್ಟದ್ದೇ ಆ ಜುಮ್ ಎನ್ನುವುದಕ್ಕಾಗಿ ಎಂದು ನನಗೆ ಹೊಳೆದದ್ದು ಆಗ.

ಮೇಸ್ತ್ರಿ ಬಾಯ್ಲರಿನ ಪ್ಲಗ್ ಕಿತ್ತು, ಕೈಯಿಂದ ತಿರುಗಿಸುವ 500 ವೋಲ್ಟಿನ ಮೆಗ್ಗರ್ ತಂದು, ಒಂದು ವೈರ್ ಕಾಯಿಲಿಗೆ, ಇನ್ನೊಂದು ಬಾಯ್ಲರಿನ ಮೈಗೆ ಹಿಡಿಯಲು ನನಗೆ ಹೇಳಿದರು. ಒಂದು ಮೆಗಾ ಓಮ್ ಆದರೂ ಇರಬೇಕಾದ ಕಡೆ ಮುಳ್ಳು ಸೊನ್ನೆಯ ಮಗ್ಗುಲಿಗೆ ಹೋಗಿ ಮಲಗಿತು. ಕಾಯಿಲ್ ಅಂದರೆ ಒಳಗೆ ನಿಕ್ರೋಮ್ ಸುರುಳಿ, ಸುತ್ತ ಮೆಗ್ನೀಷಿಯಂ ಆಕ್ಸೈಡಿನ ಬಿಳಿ ಪುಡಿ, ಮೇಲೆ ತಾಮ್ರದ ಕವಚ. ನಮ್ಮ ನೀರಿನ ಸುಣ್ಣ ಕಟ್ಟಿ ಕಟ್ಟಿ ಕವಚ ಬಿರುಕು ಬಿಟ್ಟಿತ್ತು. ಒಳಗೆ ನೀರು ಕುಡಿದ ಪುಡಿ ಕರೆಂಟನ್ನು ಮೈಗೆ ಬಿಡುತ್ತಿತ್ತು.

ಹಾಗಿದ್ದರೆ ಅರ್ತ್ ಏನಾಗಿತ್ತು? ಅರ್ತ್ ಸರಿಯಿದ್ದರೆ ಬಾಯ್ಲರಿನ ಮೈಗೆ ಬಂದ ಕರೆಂಟು ಅಲ್ಲಿಂದಲೇ ಭೂಮಿಗಿಳಿದು ನಲ್ಲಿ ತಣ್ಣಗಿರಬೇಕಿತ್ತು. ಬಾಯ್ಲರಿನ ಅರ್ತ್ ವೈರನ್ನು ಹಳೆಯ ಕಾಲದವರು ನೀರಿನ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಆಗ ಅದು ಒಳ್ಳೆಯ ಅರ್ತೇ. ಪೈಪು ಅಂಗಳ ದಾಟಿ ಬೀದಿಯ ಕಬ್ಬಿಣದ ಪೈಪಿಗೆ ಸೇರಿ ಮೈಲಿಗಟ್ಟಲೆ ನೆಲದೊಳಗೆ ಹೋಗುತ್ತಿತ್ತು. ಕೆಲವು ವರ್ಷದ ಹಿಂದೆ ಅಂಗಳದಲ್ಲಿ ಪೈಪು ತುಕ್ಕು ಹಿಡಿದು ಸೋರಿದಾಗ ಪ್ಲಂಬರ್ ಬಂದು ಹತ್ತು ಅಡಿ ಪಿವಿಸಿ ಪೈಪ್ ಹಾಕಿ ಹೋಗಿದ್ದ. ನೀರು ನಿಂತಿತು, ಅರ್ತೂ ನಿಂತಿತು. ಬಚ್ಚಲೊಳಗಿನ ಪೈಪು, ನಲ್ಲಿ, ಬಾಯ್ಲರಿನ ಮೈ ಮೂರೂ ಸೇರಿ ಒದ್ದೆ ಗೋಡೆಯ ಆಸರೆಯಲ್ಲಿ ನಡುಗಡ್ಡೆಯಾಗಿ ಉಳಿದವು. ಮಳೆಗಾಲದಲ್ಲಿ ಗೋಡೆ, ನೆಲ ನೆನೆದಾಗ ಜುಮ್ ಎನ್ನುತ್ತಿದ್ದುದು ಅದಕ್ಕೇ. ಪ್ಲಂಬರಿನದು ತಪ್ಪೆನ್ನಲಾರೆ, ಅವನ ಪುಸ್ತಕದಲ್ಲಿ ಪೈಪು ಅಂದರೆ ನೀರು.

ಇದನ್ನು ಮೇಸ್ತ್ರಿ ಬಾಯಲ್ಲಿ ಹೇಳಲಿಲ್ಲ, ತೋರಿಸಿದರು. ಬಚ್ಚಲಿಗೆ ಯಾರೂ ಹೋಗದಂತೆ ಬಾಗಿಲಿಗೆ ನನ್ನನ್ನೇ ಅಡ್ಡ ನಿಲ್ಲಿಸಿ, 100 ವಾಟಿನ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಫೇಸಿಗೆ, ಇನ್ನೊಂದನ್ನು ಪೈಪಿಗೆ ಕೊಟ್ಟರು. ಅರ್ತ್ ಇದ್ದಿದ್ದರೆ ಝಗ್ ಎಂದು ಉರಿಯಬೇಕಿದ್ದ ಬಲ್ಬಿನ ಎಳೆ ಬೀಡಿಯ ತುದಿಯಷ್ಟು ಕೆಂಪಗಾಗಿ ಹಾಗೇ ನಿಂತಿತು. "ನೋಡ್ದಾ? ಇಷ್ಟೇ ಇದರ ಯೋಗ್ಯತೆ" ಅಂದರು. ಪೈಪಿನ ಯೋಗ್ಯತೆಯನ್ನೋ ನನ್ನದನ್ನೋ, ಬಿಡಿಸಿ ಹೇಳಲಿಲ್ಲ.

ಮೂರು ದಿನ ಆ ಮನೆಯ ಕೆಲಸವನ್ನು ಮತ್ತೆ ಮಾಡಿದೆವು. ಹಿತ್ತಿಲಲ್ಲಿ ಗುಂಡಿ ತೋಡಿದ್ದು ನಾನು. ಎರಡೂವರೆ ಮೀಟರಿನ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು, ಮೇಲೆ ನೀರು ಹೊಯ್ಯಲು ಫನಲ್. ಅಲ್ಲಿಂದ ಡಿಬಿಗೆ, ಡಿಬಿಯಿಂದ ಬಚ್ಚಲಿಗೆ ಅರ್ತ್ ವೈರ್, ನಲ್ಲಿಯ ಪೈಪಿಗೂ ಅದರಿಂದಲೇ ಒಂದು ಕೊಂಡಿ. ಬಾಯ್ಲರಿಗೆ ಹೊಸ ಕಾಯಿಲ್. ಬಚ್ಚಲಿನ ತನಕ ಹೊಸದಾಗಿ 4 ಸ್ಕ್ವೇರ್ ಎಂಎಂ ವೈರು. ಹೊಸ ಬಸ್‌ಬಾರ್. ಸಾಮಾನಿನ ದುಡ್ಡು ಮೇಸ್ತ್ರಿ ಟೀಚರಮ್ಮನ ಹತ್ತಿರ ತೆಗೆದುಕೊಳ್ಳಲಿಲ್ಲ. ಅರ್ಧ ಅವರು ಹಾಕಿದರು, ಅರ್ಧ ನನ್ನ ಸಂಬಳದಲ್ಲಿ ಮೂರು ತಿಂಗಳು ಹಿಡಿದರು. ಅವರದೇಕೆ ಅರ್ಧ ಎಂದು ಕೇಳಿದ್ದಕ್ಕೆ, "ಬಟನ್ ಒತ್ತಿ ಹೊರಟೋದವನು ನಾನೇ ಅಲ್ವಾ" ಅಂದರು. ಮೇನ್ ಸ್ವಿಚ್ಚಿನ ಕ್ಯಾರಿಯರ್‌ಗಳು ಆ ಮೂರು ದಿನವೂ ಅವರ ಜೇಬಿನಲ್ಲೇ ಇದ್ದವು. ಊಟಕ್ಕೆ ಕೂರುವಾಗಲೂ ಅವು ಕುಲುಕುವ ಸದ್ದು ಕೇಳಿಸುತ್ತಿತ್ತು.

ಕೊನೆಯ ದಿನ ಡಿಬಿಯನ್ನು ನಾನೊಬ್ಬನೇ ಕಟ್ಟಿದೆ, ಅವರು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಒಂದೊಂದು ಜೋಡಿಗೂ ಟ್ಯಾಗು. ಇಎಲ್‌ಸಿಬಿ ಎತ್ತಿದೆ, ಆರೂ ಎಂಸಿಬಿ ಎತ್ತಿದೆ, ನಿಂತಿತು. ಬಾಯ್ಲರ್ ಹಾಕಿದೆ, ನಿಂತಿತು. ಟೆಸ್ಟ್ ಬಟನ್ ಒತ್ತಿ, ಓಡಿಹೋಗಿ ಬಚ್ಚಲ ಕೆಂಪು ದೀಪ ಆರಿದೆಯೇ ಎಂದು ನೋಡಿದೆ. ಆರಿತ್ತು. ಮತ್ತೆ ಎತ್ತಿ, ನಲ್ಲಿಗೂ ಒದ್ದೆ ನೆಲಕ್ಕೂ ನಡುವೆ ಮೀಟರ್ ಹಿಡಿದೆ. ಸೊನ್ನೆ.

"ಈಗ ಮುಟ್ಟು" ಅಂದರು ಮೇಸ್ತ್ರಿ.

ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಿಂತೆ. ಬಾಯ್ಲರಿನ ಕೆಂಪು ದೀಪ ಉರಿಯುತ್ತಿತ್ತು. ನಲ್ಲಿ ಒಂದು ಮೊಳ ದೂರ. ಮೀಟರ್ ಸೊನ್ನೆ ತೋರಿಸಿದ್ದು ನನ್ನ ಕಣ್ಣಾರೆ ನೋಡಿದ್ದು, ಆದರೂ ಕೈ ಮುಂದೆ ಹೋಗಲಿಲ್ಲ. ಬಾಗಿಲಲ್ಲಿ ಟೀಚರಮ್ಮ ಪ್ಲಾಸ್ಟರಿನ ಕೈಯನ್ನು ಎಡಗೈಯಲ್ಲಿ ಆತುಕೊಂಡು ನಿಂತಿದ್ದರು.

"ಅನುಮಾನ ಇದ್ಯಾ?" ಮೇಸ್ತ್ರಿ ಕೇಳಿದರು.

"ಇದೆ ಅಣ್ಣ."

"ಹಂಗಾದ್ರೆ ಇನ್ನೊಂದ್ಸಲ ಅಳತೆ ಮಾಡು."

ಮತ್ತೆ ಮೀಟರ್ ಹಿಡಿದೆ. ನಲ್ಲಿಗೆ, ಪೈಪಿಗೆ, ಬಾಯ್ಲರಿನ ಮೈಗೆ. ಮೀಟರ್ ಕೆಳಗಿಟ್ಟು ನಲ್ಲಿ ಹಿಡಿದು ತಿರುಗಿಸಿದೆ. ನೀರು ಕೈಮೇಲೆ ಬಿತ್ತು. ತಣ್ಣಗಿತ್ತು, ಬಾಯ್ಲರ್ ಇನ್ನೂ ಕಾದಿರಲಿಲ್ಲ.